ಮುಂಗಡ ಹೂಂ

ಸದಾಶಿವಯ್ಯನವರು ತಮ್ಮ ಜೀವಮಾನದಲ್ಲಿ ಇನ್ನೊಬ್ಬರ ಮಾತನ್ನು ಕೊನೆಯವರೆಗೆ ಕೇಳಿದ ಮನುಷ್ಯರಲ್ಲ. ಇದು ಅವರ ಹೆಂಡತಿ ಶಿವರುದ್ರಮ್ಮನವರ ತೀರ್ಪು. ಶಿವರುದ್ರಮ್ಮನವರು ತುಮಕೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಸಾಧಿಸಿ ತೋರಿಸಲಾಗದ ಯಾವುದನ್ನೂ ಬಾಯಿಬಿಟ್ಟು ಹೇಳುವವರಲ್ಲ. ಈ ಪ್ರಮೇಯಕ್ಕಂತೂ ಅವರ ಬಳಿ ಮದುವೆಯಾದ ದಿನದಿಂದ ಮೊನ್ನೆ ಮೊನ್ನೆಯವರೆಗಿನ ಪುರಾವೆಗಳಿದ್ದವು.

ತಪ್ಪು ಮನುಷ್ಯನದಲ್ಲ, ನೌಕರಿಯದು ಎಂದು ವಾದಿಸುವವರೂ ಇದ್ದಾರೆ. (ಹಾಗೆ ವಾದಿಸುವವರು ಸದಾಶಿವಯ್ಯನವರೊಬ್ಬರೇ.) ಅವರು ಮೊದಲು ಗುಬ್ಬಿಯ ಬಸ್ ನಿಲ್ದಾಣದಲ್ಲಿ, ಆಮೇಲೆ ತುಮಕೂರಿನ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕರಾಗಿದ್ದರು, ಜನರ ಬಾಯಲ್ಲಿ ಟಿ.ಸಿ. 'ವಿಚಾರಣೆ' ಎಂದು ಬರೆದ ಕಿಟಕಿಯ ಹಿಂದೆ ಕೂತು, ಮುಂದೆ ನಿಂತವನ ಕೈಚೀಲ, ಹೆಗಲ ಮೇಲಿನ ಟವೆಲ್ಲು, ಮುಖದ ಗಾಬರಿ ಇಷ್ಟನ್ನು ಅಳೆದು, ಅವನು ಬಾಯಿ ತೆರೆಯುವ ಮೊದಲೇ, "ಕುಣಿಗಲ್ ಅಲ್ಲಿ ನಿಂತೈತೆ, ಬೇಗ ಹತ್ಕೊಳ್ಳಿ" ಎನ್ನುತ್ತಿದ್ದರು. ಬಹುಪಾಲು ಉತ್ತರ ಸರಿಯಾಗಿಯೇ ಇರುತ್ತಿತ್ತು. ಸರಿಯಿಲ್ಲದಾಗ ಆ ಪ್ರಯಾಣಿಕ ಕುಣಿಗಲ್ ತಲುಪಿಬಿಟ್ಟಿರುತ್ತಿದ್ದುದರಿಂದ ದೂರು ಹೇಳಲು ವಾಪಸು ಬರುತ್ತಿರಲಿಲ್ಲ.

ನಿವೃತ್ತಿಯಾಗಿ ಉಪ್ಪಾರಹಳ್ಳಿಯ ಮನೆಯಲ್ಲಿ ಕೂತ ಮೇಲೆ, ಕೈಗೆ ಬಸ್ಸುಗಳು ಸಿಗದೆ, ಅವರು ಅಡುಗೆಮನೆಯ ಸಂಚಾರ ನಿಯಂತ್ರಣಕ್ಕೆ ಇಳಿದರು. "ಸಾರು ಇನ್ನೂ ಹೊರಡಲಿಲ್ವಾ?" "ಕುಕ್ಕರ್ ಯಾಕೆ ಲೇಟು?" ಎಂದು ಬಾಗಿಲಲ್ಲಿ ನಿಲ್ಲುವುದು, ಮುದ್ದೆ ಬೇಯುವ ಮುಂಚೆಯೇ ತಟ್ಟೆ ಹಿಡಿದು ಕೂರುವುದು. ಒಂದು ದಿನ ಉಪ್ಪಿಟ್ಟಿನ ನೀರು ಕುದಿಯುವ ಮೊದಲೇ ರವೆ ಸುರಿದು, "ಟೈಮಾಗಿತ್ತು" ಎಂದರು. ಅಂದು ಸಂಜೆಯೇ ಶಿವರುದ್ರಮ್ಮನವರು ಮಹಡಿಯ ಬಾಡಿಗೆದಾರ ಅಂಜನ್‌ಕುಮಾರನನ್ನು ಕರೆದರು. ಅವನು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್. ಕಂಪನಿ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಮೊಬೈಲಿನಲ್ಲಿ ಚೆಸ್ ಆಡುವವನು.

"ನಿಮ್ಮ ಅಂಕಲ್‌ಗೂ ಅದನ್ನ ಹಚ್ಚಿಕೊಡಪ್ಪ. ನನ್ನ ಅಡುಗೆಮನೆ ಉಳಿಸು."

"ಅಂಕಲ್‌ಗೆ ಚೆಸ್ ಬರುತ್ತಾ ಆಂಟಿ?"

"ಡಿಪೋದಲ್ಲಿ ಊಟದ ಹೊತ್ತಿಗೆ ಎಲ್ಲರನ್ನೂ ಸೋಲಿಸ್ತಿದ್ರಂತೆ. ಸೋತವರು ಯಾರೂ ಬಂದು ನನಗೆ ಹೇಳಿಲ್ಲ."

ಮುಂದೆ ಆದದ್ದಕ್ಕೆಲ್ಲ ಮೊದಲ ಕೈ ಹಾಕಿದವರು ಹೀಗೆ ಶಿವರುದ್ರಮ್ಮನವರೇ. ಈ ಸಂಗತಿಯನ್ನು ಅವರು ಆಮೇಲೆ ಯಾರೆದುರೂ ಎತ್ತಲಿಲ್ಲ.

ಅಂಜನ್‌ಕುಮಾರ ಹಚ್ಚಿಕೊಟ್ಟದ್ದು ಮೂರು ನಿಮಿಷದ ಆಟ. ಒಬ್ಬೊಬ್ಬರಿಗೆ ಮೂರೇ ನಿಮಿಷ. ಅಷ್ಟರೊಳಗೆ ಎದುರಾಳಿಯ ರಾಜನನ್ನು ಕಟ್ಟಿಹಾಕಬೇಕು, ಇಲ್ಲವೇ ಅವನ ಸಮಯ ಮುಗಿಯುವವರೆಗೆ ಜೀವ ಹಿಡಿದುಕೊಂಡಿರಬೇಕು. ಜಗತ್ತಿನ ಯಾವುದೋ ಮೂಲೆಯಿಂದ ಒಬ್ಬ ಬಂದು ಎದುರು ಕೂರುತ್ತಾನೆ. ಮುಖವಿಲ್ಲ, ನೆಟ್ಟಗೆ ಹೆಸರಿಲ್ಲ, ಊಟ ಆಯಿತೇ ಎಂದು ಕೇಳುವುದಿಲ್ಲ. ಸದಾಶಿವಯ್ಯನವರಿಗೆ ಇಂಥ ಜನವೇ ಬೇಕಾಗಿತ್ತು. ಮೊದಲ ವಾರ ಅವರೆಲ್ಲರ ಕೈಯಲ್ಲೂ ಸೋತರು.

"ನೋಡಯ್ಯ, ನನ್ನತ್ರ ರಾಣಿ ಐತೆ, ಎರಡು ಆನೆ ಅವೆ. ಅವನತ್ರ ಒಂದೇ ಒಂದು ಕಾಲಾಳು. ನಾನು ಸೋತೆ ಅಂತೈತೆ ಇದು."

"ಟೈಮ್ ಮುಗೀತಲ್ಲ ಅಂಕಲ್. ಇದರಲ್ಲಿ ಆನೆಗಿಂತ ಗಡಿಯಾರ ದೊಡ್ಡದು."

ಅಂಜನ್‌ಕುಮಾರ ಸುಧಾರಣೆಯ ದಾರಿಗಳನ್ನು ಹೇಳಿಕೊಟ್ಟ. ಪ್ರತಿ ಸಲವೂ ಒಂದೇ ಬಗೆಯಲ್ಲಿ ಆಟ ಶುರುಮಾಡಿ, ಮೊದಲ ನಡೆಗಳಿಗೆ ಯೋಚನೆಯೇ ಬೇಡ. ದಿನಾ ಬೆಳಿಗ್ಗೆ ನಾಲ್ಕಾರು ಚೆಸ್ ಒಗಟು ಬಿಡಿಸಿ, ಕಣ್ಣು ಪಳಗುತ್ತದೆ. ಸೋತ ಮೇಲೆ ತಕ್ಷಣ ಇನ್ನೊಂದಕ್ಕೆ ಇಳಿಯಬೇಡಿ, ಎಲ್ಲಿ ತಪ್ಪಿತು ಎಂದು ಕೂತು ನೋಡಿ. ಮೊದಲ ಎರಡನ್ನು ಸದಾಶಿವಯ್ಯನವರು ಶಿರಸಾವಹಿಸಿ ಪಾಲಿಸಿದರು. ಮೂರನೆಯದನ್ನು ತಳ್ಳಿಹಾಕಿದರು. "ಹೋದ ಬಸ್ಸನ್ನ ನಿಂತ್ಕೊಂಡು ನೋಡಿದ್ರೆ ವಾಪಸ್ ಬರ್ತೈತೇನಯ್ಯ?"

ಇನ್ನೊಂದು ಉಪಾಯದ ಹೆಸರು ಪ್ರೀಮೂವ್. ಎದುರಾಳಿ ಏನು ಆಡುತ್ತಾನೆಂದು ಊಹಿಸಿ, ಅವನು ಆಡುವ ಮೊದಲೇ ನಮ್ಮ ಉತ್ತರವನ್ನು ಇಟ್ಟುಬಿಡುವುದು. ಊಹೆ ಸರಿಯಾದರೆ ನಮ್ಮ ಗಡಿಯಾರದಲ್ಲಿ ಚೂರೂ ಸಮಯ ಕರಗುವುದಿಲ್ಲ. ತಪ್ಪಾದರೆ ರಾಣಿ ಹೋಗುತ್ತಾಳೆ. ಇದನ್ನು ಕೇಳುತ್ತಿದ್ದ ಹಾಗೆ (ಪೂರ್ತಿ ಕೇಳಲಿಲ್ಲ, ಅದನ್ನು ಹೇಳಬೇಕಾಗಿಯೇ ಇಲ್ಲ) ಸದಾಶಿವಯ್ಯನವರ ಮುಖ ಅರಳಿತು.

"ಸರ್ವೀಸ್ ಪೂರ್ತಿ ನಾನು ಮಾಡಿದ್ದು ಇದನ್ನೇ ಕಣಯ್ಯ. ಇದಕ್ಕೊಂದು ಹೆಸರೈತೆ ಅಂತ ಗೊತ್ತಿರ್ಲಿಲ್ಲ."

ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ಆರುನೂರರಲ್ಲಿ ಬಿದ್ದಿದ್ದ ರೇಟಿಂಗು ಒಂಬೈನೂರು ದಾಟಿತು. (ರೇಟಿಂಗು ಎಂಬುದು ಆಟಗಾರನ ಯೋಗ್ಯತೆಯ ಅಂಕ. ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ, ಹೆಂಡತಿ ಕರೆದಾಗ ಎದ್ದು ಹೋದರೂ ಇಳಿಯುತ್ತದೆ.) "ಸಾವಿರ ಮುಟ್ಟಿದ ದಿನ ಹೋಳಿಗೆ" ಎಂದು ಘೋಷಿಸಿದರು. ಹೋಳಿಗೆ ತಟ್ಟುವವರು ಯಾರೆಂದು ಘೋಷಿಸಲಿಲ್ಲ.

ಕೈಗೆ ಬಂದ ವಿದ್ಯೆ ಬಾಯಿಗೂ ಇಳಿಯಿತು. ಆಟದ ನಡುವೆ ಯಾರು ಏನು ಹೇಳಹೊರಟರೂ, ಅವರು ಉಸಿರೆಳೆದುಕೊಳ್ಳುವಷ್ಟರಲ್ಲಿ "ಹೂಂ" ಎಂಬ ಉತ್ತರ ಮುಂಗಡವಾಗಿ ಬಂದು ಕೂತಿರುತ್ತಿತ್ತು. ಮೊದಮೊದಲು ಶಿವರುದ್ರಮ್ಮನವರಿಗೆ ಸಿಟ್ಟು ಬಂತು. ಆಮೇಲೆ ಅವರೊಳಗಿನ ಅಧ್ಯಾಪಕಿ ಎಚ್ಚೆತ್ತು ಒಂದು ಪ್ರಯೋಗ ಮಾಡಿದರು.

"ರೀ, ಗೇಟಿನ ಹತ್ರ ಚಿರತೆ ಬಂದಿದೆ."

"ಹೂಂ."

"ಒಳಗೆ ಕರೀಲಾ?"

"ಹೂಂ. ಕಾಫಿ ಕೊಡು."

ಪ್ರಯೋಗ ಫಲಿಸಿತು. ಹಾಲಿನ ಅರ್ಧ ಜಾಗ ನುಂಗಿ ಕೂತಿದ್ದ ಮಾವನವರ ಕಾಲದ ಕಬ್ಬಿಣದ ಮಂಚ ಮೊದಲು ಗುಜರಿಗೆ ಹೋಯಿತು. ವರ್ಷಗಟ್ಟಲೆ ಜಗುಲಿಯಲ್ಲಿ ಎಣ್ಣೆ ಸೋರಿಸುತ್ತಾ ನಿಂತಿದ್ದ ಹಳೇ ಸ್ಕೂಟರು ಅದರ ಹಿಂದೆ ಹೋಯಿತು. ಮಂಚ ಇಲ್ಲವೆಂದು ಸದಾಶಿವಯ್ಯನವರಿಗೆ ತಿಳಿದದ್ದು ಅದರ ಮೇಲೆ ಕೂರಲು ಹೋದಾಗ.

"ನಮ್ಮಪ್ಪನ ಮಂಚ ಎಲ್ಲೇ?"

"ಗುಜರಿಗೆ ಕೊಟ್ಟೆ. ಕೇಳೇ ಕೊಟ್ಟೆ."

"ಯಾರನ್ನ ಕೇಳ್ದೆ?"

"ನಿಮ್ಮನ್ನ. ಹೂಂ ಅಂದ್ರಿ. ಎಷ್ಟಕ್ಕಾದ್ರೂ ಕೊಡ್ಲಾ ಅಂದೆ. ಅದಕ್ಕೂ ಹೂಂ ಅಂದ್ರಿ."

ಸದಾಶಿವಯ್ಯನವರು ನೆಲದ ಮೇಲಿನ ನಾಲ್ಕು ತುಕ್ಕಿನ ಗುರುತುಗಳನ್ನು ನೋಡಿದರು. ಹೂಂ ಅಂದಿರಲಿಕ್ಕಿಲ್ಲ ಎನ್ನುವ ಧೈರ್ಯ ಅವರಿಗೆ ಬರಲಿಲ್ಲ. ಕೇಳಿಸಿಕೊಳ್ಳದ ಗಂಡನೂ ಒಂದು ಸೌಕರ್ಯವೇ ಎಂದು ಶಿವರುದ್ರಮ್ಮನವರಿಗೆ ಅನ್ನಿಸತೊಡಗಿತು.

ಹೀಗಿರುವಾಗ ಒಂದು ಭಾನುವಾರ ಗುಬ್ಬಿಯಿಂದ ಸದಾಶಿವಯ್ಯನವರ ಅಕ್ಕ ಹೊಂಬಾಳಮ್ಮ ಬಂದರು. ಪಕ್ಕದ ಮನೆಯವರು ಆಟೋ ಮಾಡಿಕೊಂಡು ತುಮಕೂರಿಗೆ ಬರುತ್ತಿದ್ದರು. ಅದರಲ್ಲೇ ಕೂತು, ಕೈಚೀಲದಲ್ಲಿ ಸುಲಿದ ತೆಂಗಿನಕಾಯಿ, ಹುಣಸೆಹಣ್ಣು ತುಂಬಿಕೊಂಡು ಬಂದಿದ್ದರು. ಹೊಂಬಾಳಮ್ಮ ನಿಧಾನದ ಮಾತಿನವರು. ನಮ್ಮ ಕಡೆ ಹಿರಿಯರು ಬಂದ ಕೆಲಸವನ್ನು ಬಂದ ಕೂಡಲೇ ಹೇಳುವುದಿಲ್ಲ, ಅದು ಮರ್ಯಾದೆಯಲ್ಲ. ಮೊದಲು ಮಳೆ, ಆಮೇಲೆ ಕೊಬ್ಬರಿ, ಆಮೇಲೆ ಯಾರ ಮನೆಯಲ್ಲಿ ಯಾರಿಗೆ ಸೊಂಟನೋವು, ಊಟ, ಎಲೆಯಡಿಕೆ. ಕೆಲಸದ ಮಾತು ಹೊರಡುವುದು ಚಪ್ಪಲಿ ಮೆಟ್ಟಿ ಬಾಗಿಲು ಹಿಡಿದು ನಿಂತ ಮೇಲೆ, "ಅಂದಂಗೆ" ಎಂದು. ಬಂದವರನ್ನು ಗೇಟಿನವರೆಗೆ ಹೋಗಿ ಕಳಿಸಿಕೊಡುವ ಪದ್ಧತಿ ಇರುವುದು ಇದಕ್ಕೇ. ಅಸಲು ಭೇಟಿ ನಡೆಯುವುದು ಅಲ್ಲಿ.

ಅಂದು ಆಟೋದವನು ಹಾರ್ನ್ ಹೊಡೆದಾಗ ಸದಾಶಿವಯ್ಯನವರು ಕುರ್ಚಿ ಬಿಟ್ಟು ಏಳಲಿಲ್ಲ. ಸಾವಿರಕ್ಕೆ ಇನ್ನೇನು ಕೂದಲಷ್ಟು ದೂರ ಉಳಿದಿತ್ತು. ಶಿವರುದ್ರಮ್ಮನವರು ಒಳಗೆ ಅಕ್ಕನಿಗೆ ಕೊಡಲು ಚಟ್ನಿಪುಡಿ ಡಬ್ಬಿಗೆ ತುಂಬುತ್ತಿದ್ದರು. ಹೊಂಬಾಳಮ್ಮನ ತಗ್ಗಿದ ದನಿ ಬಾಗಿಲ ಕಡೆಯಿಂದ ಕೇಳಿಸಿತು. "ಅಂದಂಗೆ ಸದಾ" ಎಂಬುದಷ್ಟೇ ಸ್ಪಷ್ಟವಾಗಿತ್ತು. ಆಮೇಲಿನದು ಅಡುಗೆಮನೆಯಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ತಿಳಿದದ್ದು ಉತ್ತರ ಮಾತ್ರ.

"ಹೂಂ ಅಕ್ಕ. ಹೂಂ. ಹೋಗ್ಬಿಟ್ಟು ಬಾ."

ಆ ಹೂಂ ಯಾವ ಹೂಂ ಎಂದು ಶಿವರುದ್ರಮ್ಮನವರಿಗೆ ಆ ಕ್ಷಣಕ್ಕೇ ಗೊತ್ತಾಯಿತು. ಯಾವುದೋ ಪಾತ್ರೆಪಗಡಿ ಕೇಳಿರಬೇಕು, ಅವರಿಗೂ ಲಾಭವಾಗಲಿ ಎಂದುಕೊಂಡು ಡಬ್ಬಿಯ ಮುಚ್ಚಳ ತಿರುಗಿಸಿದರು. ಹೊರಗೆ ಬರುವಷ್ಟರಲ್ಲಿ ಹೊಂಬಾಳಮ್ಮ ಆಟೋದ ಮೆಟ್ಟಿಲನ್ನು ಕಾಲಿನಿಂದ ತಡಕಿ ಹುಡುಕಿ ಹತ್ತುತ್ತಿದ್ದರು.

"ಏನಂದ್ರು ನಿಮ್ಮಕ್ಕ?"

"ಯಾವಾಗ?" ಎಂದರು ಸದಾಶಿವಯ್ಯನವರು.

ಬುಧವಾರ ಬೆಳಿಗ್ಗೆ ಅವರ ಕೈ ಓಡಿತು. ಎದ್ದು ಮುಖ ತೊಳೆದು ಕೂತವರು ಒಂದರ ಹಿಂದೆ ಒಂದು ಗೆದ್ದರು. ಮಧ್ಯಾಹ್ನದ ಹೊತ್ತಿಗೆ ಸಾವಿರ ದಾಟಿತು. ಮೆಟ್ಟಿಲು ಹತ್ತಿ ಹೋಗಿ, ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಅಂಜನ್‌ಕುಮಾರನನ್ನು ಎಬ್ಬಿಸಿ ತೋರಿಸಿದರು. ಶಿವರುದ್ರಮ್ಮನವರು ಗೊಣಗುತ್ತಲೇ ಕಡಲೆಬೇಳೆ ಬೇಯಲು ಇಟ್ಟರು. ಸಂಜೆ ಹೂರಣ ರುಬ್ಬುವಾಗ ಕುಣಿಗಲ್‌ನಿಂದ ಫೋನು ಬಂತು. ಗಂಡನ ತಮ್ಮ ಕರಿಬಸವಯ್ಯ.

"ಅತ್ತಿಗೆ, ಅಣ್ಣ ಹುಷಾರಾಗವ್ನಾ?"

"ಕಲ್ಲುಗುಂಡಿನ ಹಾಗಿದಾರೆ. ಯಾಕಪ್ಪ?"

"ಏನಾದ್ರು ಆಗಿರ್ಬೇಕು ಅಂದ್ಕೊಂಡ್ವಿ. ಇವತ್ತು ಅಕ್ಕನ ಕಣ್ಣಿನ ಆಪರೇಷನ್ ಇತ್ತಲ್ಲ. ಪೊರೆ ತೆಗೆಯೋದು. ಮಗ ಲಾರಿ ಲೋಡ್ ತಗೊಂಡು ಸೂರತ್‌ಗೆ ಹೋಗವ್ನೆ, ಸೊಸೆ ಬಾಣಂತಿ. ಅಣ್ಣ ಬಂದು ಕರ್ಕೊಂಡೋಗ್ತೀನಿ ಅಂದವ್ನೆ ಅಂತ ಬೆಳಿಗ್ಗೆಯಿಂದ ಗುಬ್ಬಿ ಬಸ್‌ಸ್ಟಾಂಡಲ್ಲಿ ಕೂತವ್ಳೆ. ಅಲ್ಲಿರೋ ಟಿ.ಸಿ. ಬಂದು ಕೇಳಿದ್ನಂತೆ, ಎಲ್ಲಿಗಮ್ಮ ಹೋಗ್ಬೇಕು ಅಂತ. ನನ್ ತಮ್ಮ ಬರ್ತಾನೆ, ಇಲ್ಲೇ ಕೆಲ್ಸ ಮಾಡ್ತಿದ್ದ, ಟೈಮಿಗೆ ತಪ್ಪೋನಲ್ಲ ಅಂದ್ಲಂತೆ. ತುಮಕೂರಿಂದ ಬಂದ ಬಸ್ಸಿಗೆಲ್ಲ ಎದ್ದು ನಿಂತ್ಕೊಂಡವ್ಳೆ. ಕೊನೆಗೆ ಆ ಟಿ.ಸಿ.ನೇ ನಂಗೆ ಫೋನ್ ಹಚ್ಚಿಕೊಟ್ಟ."

"ಆಪರೇಷನ್?"

"ಆಯ್ತು. ನಾನು ಕೈಲಿದ್ದ ಕೆಲ್ಸ ಬಿಟ್ಟು ಹೋದೆ. ಡಾಕ್ಟ್ರು ಕೊನೇ ಪೇಷಂಟ್ ಅಂತ ಮಾಡಿದ್ರು. ಈಗ ಕುಣಿಗಲ್‌ಗೆ ಕರ್ಕೊಂಡ್ ಬಂದೀನಿ. ಅಣ್ಣಂಗೆ ಏನೂ ಅನ್ಬೇಡಿ ಅತ್ತಿಗೆ. ಅಕ್ಕನೇ ಹೇಳವ್ಳೆ, ಅನ್ಬೇಡಿ ಅಂತ."

ಅನ್ನಬೇಡಿ ಎಂದದ್ದನ್ನು ಅನ್ನಲು ಶಿವರುದ್ರಮ್ಮನವರು ಹೂರಣದ ಕೈಯಲ್ಲೇ ಹಾಲಿಗೆ ಬಂದರು. ಅವರು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಸದಾಶಿವಯ್ಯನವರ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಮೊಬೈಲಿನಲ್ಲಿ ಆಟ ನಡೆದಿತ್ತು. ಅದರಷ್ಟಕ್ಕೆ ಸಮಯ ಮುಗಿದು, ಸೋತಿದ್ದೀರಿ ಎಂದು ತೋರಿಸಿತು.

"ಅಕ್ಕ ನನ್ನ ಕೇಳಿದ್ಲಾ?"

"ಬಾಗಿಲಲ್ಲಿ ನಿಂತು ಕೇಳಿದ್ದಾರೆ. ಹೂಂ ಅಂದಿದ್ದೀರಿ. ಎರಡು ಸಲ. ಆಮೇಲೆ ಹೋಗ್ಬಿಟ್ಟು ಬಾ ಅಂದಿದ್ದೀರಿ, ದೊಡ್ಡ ಮನುಷ್ಯರು."

"ಅಲ್ವೇ, ನಾನು..."

"ಏನು ನಾನು? ಗೊತ್ತು ಬಿಡಿ ನೀವೇನು ಹೇಳ್ತೀರಿ ಅಂತ."

ಸದಾಶಿವಯ್ಯನವರು ಮೊಬೈಲನ್ನು ಬೋರಲು ಹಾಕಿದರು. ಆಮೇಲೆ, ಜಗಳದ ದನಿಯಲ್ಲಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂಬ ಹಾಗೆ ಕೇಳಿದರು. "ನೀನು ಒಳಗಿದ್ದೆ. ಹೂಂ ಅಂದದ್ದು ನಿಂಗೆ ಕೇಳಿಸ್ತು. ಅದು ಎಂಥ ಹೂಂ ಅಂತ ನಿಂಗೆ ಗೊತ್ತಿತ್ತಲ್ವೇನೇ?"

ಕಾಲೇಜಿನಲ್ಲಿ ಯಾವ ತುಂಟನ ಪ್ರಶ್ನೆಗೂ ತಡವರಿಸದ ಶಿವರುದ್ರಮ್ಮನವರು ಅಡುಗೆಮನೆಗೆ ಹೋಗಿ ಕೈ ತೊಳೆದುಕೊಂಡರು. ಬಹಳ ಹೊತ್ತು ತೊಳೆದುಕೊಂಡರು. ಮಂಚ ಹೋಗಿತ್ತು, ಸ್ಕೂಟರು ಹೋಗಿತ್ತು, ಹಾಲು ವಿಶಾಲವಾಗಿತ್ತು. ಆ ವಿಶಾಲವಾದ ಹಾಲಿನಲ್ಲಿ ನಿಂತು ಒಂದು ಸಲ "ಅಕ್ಕ ಏನೋ ಹೇಳಿದ್ರಲ್ಲ, ಫೋನ್ ಮಾಡಿ ಕೇಳ್ರಿ" ಎಂದಿದ್ದರೆ ಸಾಕಾಗಿತ್ತು.

ಮಾರನೆಯ ದಿನ ಇಬ್ಬರೂ ಕುಣಿಗಲ್ ಬಸ್ಸು ಹತ್ತಿದರು. ರುಬ್ಬಿದ ಹೂರಣವನ್ನು ಚೆಲ್ಲಲಾಗದೆ ಹೋಳಿಗೆ ಮಾಡಿ ಡಬ್ಬಿ ತುಂಬಿಕೊಂಡಿದ್ದರು. ಕರಿಬಸವಯ್ಯನ ಹೆಂಡತಿ ನೇತ್ರಾವತಿ ಡಬ್ಬಿ ಬಿಚ್ಚಿ, "ಏನ್ ವಿಶೇಷ ಅಕ್ಕಾ, ಹೋಳಿಗೆ?" ಎಂದಳು. ಸದಾಶಿವಯ್ಯನವರು ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡತೊಡಗಿದರು.

ಹೊಂಬಾಳಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ.

"ಬಂದ್ಯೇನ್ಲಾ ಸದಾ. ಬಿಸ್ಲಲ್ಲಿ ಯಾಕೆ ಬರಕ್ಕೋದೆ."

"ಅಕ್ಕ, ಇನ್ನೊಂದು ಕಣ್ಣಿನ ಆಪರೇಷನ್‌ಗೆ ನಾನು ಬರ್ತೀನಿ."

"ಅದು ಮುಂದಿನ ತಿಂಗ್ಳು ತಾನೆ. ಕರಿಬಸ್ವ ಬರ್ತಾನೆ ಬುಡು. ನಿಂಗ್ಯಾಕೆ ತೊಂದ್ರೆ."

ದನಿಯಲ್ಲಿ ಮುನಿಸಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೆ ಜಾಗ ಬಿಡುವ ಮರ್ಯಾದೆ ಇತ್ತು. ಚಿಕ್ಕಂದಿನಲ್ಲಿ ಇದೇ ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗಿದವರು ಇನ್ನು ಮುಂದೆ ಅವನನ್ನು ಏನೂ ಕೇಳುವುದಿಲ್ಲ ಎಂದು ತೀರ್ಮಾನಿಸಿದ್ದರು. ಅದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಸದಾಶಿವಯ್ಯನವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಅಕ್ಕನ ಕಣ್ಣಿಗೆ ಔಷಧಿ ಬಿಡುವ ಕೆಲಸ ತನ್ನದು, ಮುಗಿಯುವವರೆಗೆ ಊರಿಗೆ ಹೋಗುವುದಿಲ್ಲ ಎಂದರು.

"ಇವ್ರಾ?" ಎಂದರು ಶಿವರುದ್ರಮ್ಮನವರು.

ಔಷಧಿ ಎರಡು ಬಗೆಯದು. ಒಂದು ಹನಿ ಬಿಟ್ಟು, ಕಣ್ಣು ಮುಚ್ಚಿಸಿ, ಐದು ನಿಮಿಷ ಕಾದು, ಆಮೇಲೆ ಇನ್ನೊಂದು. ದಿನಕ್ಕೆ ಹಲವು ಸಲ. ಐದು ನಿಮಿಷವೆಂದರೆ ಈ ಮನುಷ್ಯನ ಲೆಕ್ಕದಲ್ಲಿ ಒಂದು ಪೂರ್ತಿ ಆಟ. ಅಷ್ಟು ಹೊತ್ತು ಸುಮ್ಮನೆ ಕೂರುವುದು ಅವರ ಕೈಲಾಗದ ಮಾತು, ಮೊಬೈಲು ಹೊರಗೆ ಬರುತ್ತದೆ, ಮೊದಲ ಹನಿಯನ್ನೇ ಎರಡು ಸಲ ಬಿಡುತ್ತಾರೆ ಎಂದು ಶಿವರುದ್ರಮ್ಮನವರು ನಂಬಿದ್ದರು. ಹಿಡಿದೇ ತೀರುತ್ತೇನೆಂದು ಅವರೂ ಉಳಿದುಕೊಂಡರು.

ಮೂರನೆಯ ದಿನ ಮಧ್ಯಾಹ್ನ ಮೊದಲ ಹನಿ ಬಿದ್ದ ಮೇಲೆ ಅವರು ಸದ್ದಿಲ್ಲದೆ ಬಂದು ಬಾಗಿಲಿಗೊರಗಿ ನಿಂತರು. ಹೊಂಬಾಳಮ್ಮ ಕಣ್ಣು ಮುಚ್ಚಿ ಮಲಗಿದ್ದರು. ದೇವರಾಯನದುರ್ಗದ ಬೆಟ್ಟಕ್ಕೆ ಯಾರೋ ಯಾವಾಗಲೋ ಹೋದದ್ದನ್ನು ಬುಡದಿಂದ ಶುರುಮಾಡಿ ಹೇಳುತ್ತಿದ್ದರು. ಸದಾಶಿವಯ್ಯನವರು ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದರು. ಮೊಬೈಲು ಕಾಣಲಿಲ್ಲ, ಆದರೆ ಹೆಬ್ಬೆರಳು ಮೊಣಕಾಲಿನ ಮೇಲೆ ತನ್ನಷ್ಟಕ್ಕೆ ಕುದುರೆ ನಡೆಸುತ್ತಿತ್ತು. ಶಿವರುದ್ರಮ್ಮನವರು ಕಿವಿಯನ್ನು ಒಂದೇ ಒಂದು ಶಬ್ದಕ್ಕೆ ಹೂಡಿ ಕಾದರು. ಆ ಹೂಂ ಬಂದ ತಕ್ಷಣ ಎಲ್ಲರೆದುರು ಎತ್ತಿ ತೋರಿಸುವುದೆಂದು ವಾಕ್ಯವನ್ನೂ ಸಿದ್ಧ ಮಾಡಿಕೊಂಡರು.

ಹೂಂ ಬರಲೇ ಇಲ್ಲ. ಹೊಂಬಾಳಮ್ಮ ಹೇಳುತ್ತಲೇ ಹೋದರು. ಗಂಡ ಕೂತಲ್ಲೇ ನಿದ್ದೆ ಹೋಗಿರಬೇಕು. ಕೊನೆಗೆ ಶಿವರುದ್ರಮ್ಮನವರಿಗೆ ತಡೆಯಲಾಗಲಿಲ್ಲ.

"ಯಾಕೆ ಸುಮ್ಮನೆ ಗಂಟಲು ನೋಯಿಸ್ಕೊತೀರಾ ಅಕ್ಕಾ. ಅವರು ಕೇಳ್ತಾ ಇಲ್ಲ."

"ಕೇಳ್ತಾವ್ನೆ ಬುಡು," ಎಂದರು ಹೊಂಬಾಳಮ್ಮ, ಕಣ್ಣು ತೆರೆಯದೆ.

"ನಿಮಗೆ ಹೆಂಗೆ ಗೊತ್ತು? ಒಂದು ಸಲಾನಾದ್ರೂ ಹೂಂ ಅಂದ್ರಾ?"

"ಅನ್ಲಿಲ್ವಲ್ಲ, ಅದುಕ್ಕೇ ಗೊತ್ತಾಯ್ತು. ಮುಂದಿನ ತಿಂಗ್ಳು ಇವ್ನೇ ಬರ್ಲಿ ಅಂತ ಕರಿಬಸ್ವಂಗೆ ಹೇಳ್ಬುಡಮ್ಮ."

ಸದಾಶಿವಯ್ಯನವರು ತಲೆ ಎತ್ತಿದರು. ಹೆಂಡತಿಯ ಕಡೆ ನೋಡಲಿಲ್ಲ.

"ಆಮೇಲೆ ಆ ಹಲ್ಲುಸೆಟ್ಟು ಸಿಕ್ತೇನಕ್ಕ?"

"ಯಾವ ಹಲ್ಲುಸೆಟ್ಟು?" ಎಂದರು ಶಿವರುದ್ರಮ್ಮನವರು.

ಹೊಂಬಾಳಮ್ಮ ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ಕೋತಿ ಎತ್ಕೊಂಡೋಯ್ತಲ್ಲಮ್ಮ, ಸೋದರಮಾವಂದು. ನೀನು ಅಲ್ಲೇ ನಿಂತಿದ್ಯಲ್ಲ, ಕೇಳಿಸ್ಕೊಳ್ಲಿಲ್ವಾ?"

ಶಿವರುದ್ರಮ್ಮನವರಿಗೆ ಕೋತಿಯೂ ಗೊತ್ತಿರಲಿಲ್ಲ, ಮಾವನೂ ಗೊತ್ತಿರಲಿಲ್ಲ. ಸದಾಶಿವಯ್ಯನವರು ಗಡಿಯಾರ ನೋಡಿ, ಅಕ್ಕನ ರೆಪ್ಪೆ ಮೆಲ್ಲಗೆ ಬಿಡಿಸಿ ಎರಡನೆಯ ಹನಿ ಬಿಟ್ಟರು. ಅಲ್ಲಿಗೆ ಕೆಲಸ ಮುಗಿದಿತ್ತು, ಎದ್ದು ಹೋಗಬಹುದಿತ್ತು. ಅವರು ಮಂಚದ ತುದಿಗೆ ಸರಿದು ಹೆಂಡತಿಗೆ ಜಾಗ ಮಾಡಿದರು.

"ಕೂತ್ಕೊ," ಎಂದರು. "ಅಕ್ಕ, ಇವಳು ಕೇಳಿಸ್ಕೊಂಡಿಲ್ಲ. ಇನ್ನೊಂದು ಸಲ ಮೊದಲಿಂದ ಹೇಳು."